ಒಳಗಿನ ಕೋಟ್ ಯಾರ ಹೊಣೆ?

ಮನೆಗೆ ಬಣ್ಣ ಹೊಡೆಯುವ ಕೆಲಸದಲ್ಲಿ ಒಂದು ವಿಚಿತ್ರವಿದೆ: ಅದರಲ್ಲಿ ಮಾಡಿದ ಮೋಸವನ್ನು ಆ ಕೆಲಸವೇ ಮುಚ್ಚಿಹಾಕುತ್ತದೆ. ಹಳೆಯ ಹಕ್ಕಳೆ ಕೆರೆದು ತೆಗೆಯಬೇಕು, ಗೋಡೆ ಒಣಗಿದೆಯೇ ನೋಡಬೇಕು, ಪುಟ್ಟಿ ಎರಡು ಸಲ ಎಳೆದು ಎಮರಿ ಪೇಪರಿನಲ್ಲಿ ಉಜ್ಜಬೇಕು, ಧೂಳು ಒರೆಸಿ ಪ್ರೈಮರ್ ಹಚ್ಚಬೇಕು, ಆಮೇಲೆ ಎಮಲ್ಷನ್ ಎರಡು ಕೋಟ್. ಕೆಲಸ ಮುಗಿದ ದಿನ ಮನೆಯವರ ಕಣ್ಣಿಗೆ ಬೀಳುವುದು ಕೊನೆಯ ಕೋಟ್ ಒಂದೇ. ಪುಟ್ಟಿಯ ಉಬ್ಬುತಗ್ಗನ್ನಾದರೂ ಬಲ್ಬನ್ನು ಗೋಡೆಗೆ ಓರೆಯಾಗಿ ಹಿಡಿದು ಕಂಡುಹಿಡಿಯಬಹುದು. ಪ್ರೈಮರ್ ಬಿದ್ದೇ ಇಲ್ಲ, ಬಣ್ಣಕ್ಕೆ ಡಬ್ಬದ ಮೇಲೆ ಹೇಳಿದ್ದಕ್ಕಿಂತ ಹೆಚ್ಚು ನೀರು ಬೆರೆತಿದೆ ಎಂಬುದು ಆ ಹೊತ್ತಿಗೆ ಗೊತ್ತಾಗುವಂಥದ್ದಲ್ಲ. ಒಂದೆರಡು ಮಳೆಗಾಲ ಕಳೆದು ಗುಳ್ಳೆ ಎದ್ದಾಗಲೂ, ಅದು ಗೋಡೆಯ ತೇವವೋ ಕೈಯ ತಪ್ಪೋ ಎಂದು ಜಗಳವಾಡಬಹುದೇ ಹೊರತು ತೀರ್ಮಾನಿಸುವುದು ಕಷ್ಟ. ಹೀಗೆ ಯಾರೂ ನೋಡಲಾಗದ ಕೆಲಸ ನೆಟ್ಟಗಾಗುವ ಹೊಣೆ ಯಾರದು ಎಂಬುದು ಮೂಲತಃ ಧರ್ಮದ ಪ್ರಶ್ನೆ. ಪರವಾನಗಿ ಇರುವ ಗುತ್ತಿಗೆದಾರನನ್ನೇ ಹಿಡಿಯಿರಿ ಎಂಬುದು ಒಂದು ಉತ್ತರ, ಮನಸ್ಸಾಕ್ಷಿ ಇರುವವನನ್ನು ಹುಡುಕಿ ಎಂಬುದು ಇನ್ನೊಂದು. ಎರಡೂ ಏಣಿಯ ಮೇಲೆ ನಿಂತವನ ಕಡೆಗೇ ಬೆರಳು ತೋರಿಸುತ್ತವೆ. ಕೆಳಗೆ ನಿಂತು ದರ ಗೊತ್ತುಮಾಡಿದವನ ಪಾಲು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನನ್ನ ತಕರಾರು.

ಮೊದಲ ಉತ್ತರದ ಹಿಂದಿರುವ ಅಪನಂಬಿಕೆ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕನೆಯ ಅಧಿಕರಣದ ಹೆಸರು ಕಂಟಕಶೋಧನ. ರಾಜ್ಯದ ಮುಳ್ಳುಗಳನ್ನು ಕೀಳುವ ಈ ಭಾಗ ಶುರುವಾಗುವುದು ದರೋಡೆಕೋರರಿಂದಲ್ಲ, ಕುಶಲಕರ್ಮಿಗಳಿಂದ. ಹೇಳಿದ ಅವಧಿ ಮೀರಿದರೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ಹೇಳಿದ ಹಾಗೆ ಮಾಡದೆ ಬೇರೆ ರೀತಿ ಮಾಡಿದರೆ ಕೂಲಿ ಪೂರ್ತಿ ಹೋಯಿತು, ಮೇಲೆ ಅದರ ಎರಡರಷ್ಟು ದಂಡ. ಅಧ್ಯಾಯದ ಕೊನೆಗೆ ವ್ಯಾಪಾರಿಗಳನ್ನೂ ಕಸುಬುದಾರರನ್ನೂ ಹೆಸರಿಗೆ ಮಾತ್ರ ಕಳ್ಳರಲ್ಲದ ಕಳ್ಳರ ಸಾಲಿಗೆ ಸೇರಿಸಲು ಕೌಟಿಲ್ಯ ಹಿಂಜರಿಯುವುದಿಲ್ಲ. ಕೂಲಿ ಕೊಡದ ಯಜಮಾನನಿಗೂ ಆತ ದಂಡ ಹೇಳಿದ್ದಾನೆ, ನಿಜ. ಆದರೆ ಅದು ದರ ಒಪ್ಪಿದ ಮೇಲಿನ ಮಾತು.

ಇದೇ ಅಪನಂಬಿಕೆಯ ಇಂದಿನ ಅಚ್ಚುಕಟ್ಟಾದ ರೂಪ ಕ್ಯಾಲಿಫೋರ್ನಿಯಾದಲ್ಲಿದೆ. ಅಲ್ಲಿನ ಗುತ್ತಿಗೆದಾರರ ಪರವಾನಗಿ ಮಂಡಳಿ 1929ರಿಂದ ನಡೆದುಕೊಂಡು ಬಂದಿದೆ. ಪೇಂಟಿಂಗ್‌ಗೆ ಸಿ-33 ಎಂಬ ಬೇರೆಯೇ ವರ್ಗ. ನಾಲ್ಕು ವರ್ಷ ಕಸುಬಿನ ಅನುಭವ ತೋರಿಸಬೇಕು, ಕಸುಬಿನದೊಂದು ಕಾನೂನಿನದೊಂದು ಪರೀಕ್ಷೆ ಬರೆಯಬೇಕು, 25,000 ಡಾಲರ್ ಬಾಂಡ್ ಇಡಬೇಕು. ಮನೆ ಕೆಲಸಕ್ಕೆ ಮುಂಗಡವಾಗಿ ಒಟ್ಟು ಮೊತ್ತದ ಶೇ. 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ ಕೇಳಬಹುದು. ಇದೆಲ್ಲ ಒಪ್ಪುವಂಥದ್ದೇ. ಆದರೆ ಪರವಾನಗಿ ಬೇಕಾದ ಕೆಲಸವನ್ನು ಅದಿಲ್ಲದವನು ಮಾಡಿದರೆ ಬಾಕಿ ಹಣಕ್ಕೆ ಆತ ಕೋರ್ಟಿಗೆ ಹೋಗುವಂತಿಲ್ಲ. ಅಷ್ಟೇ ಅಲ್ಲ, ಕೊಟ್ಟ ಹಣವನ್ನೆಲ್ಲ ಮನೆಯವರು ವಾಪಸು ಕೇಳಬಹುದು, ಕೆಲಸ ಎಷ್ಟೇ ಚೆನ್ನಾಗಿದ್ದರೂ! ಬಣ್ಣ ಗೋಡೆಯ ಮೇಲೆ, ಹಣ ಜೇಬಿನಲ್ಲಿ. ಕಾಗದವನ್ನು ಕೆಲಸಕ್ಕಿಂತ ಮೇಲಿಟ್ಟರೆ ನ್ಯಾಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಹಾಗೆಂದು ಕಾಗದ ಬೇಡವೇ? ಕರ್ನಾಟಕದಲ್ಲಿ ವೈರಿಂಗ್ ಗುತ್ತಿಗೆಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ಮನೆ ಪೇಂಟಿಂಗ್‌ಗೆ ಕಸುಬನ್ನು ಪರೀಕ್ಷಿಸಿ ಕೊಡುವ ಅಂಥ ಪರವಾನಗಿ ಇಲ್ಲ. ತಂತಿ ತಪ್ಪಿದರೆ ಜೀವ ಹೋಗುತ್ತದೆ, ಬಣ್ಣ ಕೆಟ್ಟರೆ ಹೋಗುವುದು ಅಂದ ಮಾತ್ರ ಎಂಬ ಎಣಿಕೆ ಇದರ ಹಿಂದಿದೆ. ಈ ಎಣಿಕೆಯನ್ನು ಸೀಸ ಸುಳ್ಳು ಮಾಡಿದೆ. ಹಳೆಯ ಎನಾಮಲ್ ಬಣ್ಣಗಳಲ್ಲಿ ಸೀಸ ಧಾರಾಳವಾಗಿತ್ತು. ಮನೆಬಳಕೆಯ ಬಣ್ಣದಲ್ಲಿ ಅದು 90 ಪಿಪಿಎಂ ಮೀರಕೂಡದೆಂಬ ನಿಯಮ ಭಾರತದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಿಟಕಿ ಬಾಗಿಲುಗಳನ್ನು ಒಣಗಿದ್ದ ಹಾಗೇ ಉಜ್ಜಿದರೆ ಏಳುವ ಧೂಳು ಪೇಂಟರ್‌ನ ಶ್ವಾಸಕ್ಕೂ ನೆಲದಲ್ಲಿ ಅಂಬೆಗಾಲಿಡುವ ಮಗುವಿನ ಬಾಯಿಗೂ ಹೋಗುತ್ತದೆ. ಮಗುವಿನ ಮಿದುಳಿಗೆ ಅದು ವಿಷ. ಅಮೆರಿಕದಲ್ಲಿ 1978ಕ್ಕಿಂತ ಹಳೆಯ ಮನೆಗಳಲ್ಲಿ ಬಣ್ಣ ಕೆರೆಯುವ ಗುತ್ತಿಗೆದಾರರಿಗೆ 2010ರಿಂದ ಪ್ರತ್ಯೇಕ ಪ್ರಮಾಣಪತ್ರ ಕಡ್ಡಾಯ ಮಾಡಿದ್ದು ಇದಕ್ಕೇ. ಒಪ್ಪಂದ ಇಬ್ಬರ ನಡುವಿನದು, ಧೂಳು ಕುಡಿಯುವುದು ಒಪ್ಪಂದದಲ್ಲಿಲ್ಲದ ಮೂರನೆಯ ಜೀವ. ಆ ಜೀವದ ಪರವಾಗಿ ಮಾತಾಡಲು ಸರ್ಕಾರ ನಡುವೆ ಬರುವುದು ಸರಿಯೇ. ಪರವಾನಗಿಯ ನೈತಿಕ ಬಲ ಇಷ್ಟರಲ್ಲೇ ಇದೆ, ಪ್ರಾಮಾಣಿಕತೆಗೆ ಅದು ಸರ್ಟಿಫಿಕೇಟ್ ಅಲ್ಲ.

ಎರಡನೆಯ ಉತ್ತರ ಶರಣರದು, ಅವರ ದಾರಿ ಬೇರೆ. ಹನ್ನೆರಡನೆಯ ಶತಮಾನದಲ್ಲಿ ಅಗಸ, ಅಂಬಿಗ, ಹಗ್ಗ ಹೊಸೆಯುವವರನ್ನು ಅನುಭಾವಿಗಳ ಸಾಲಿನಲ್ಲಿ ಕೂರಿಸಿದ ಆ ಚಳವಳಿ, ಕೌಟಿಲ್ಯ ಕಳ್ಳನೆಂದು ಶಂಕಿಸಿದವನನ್ನೇ ಪೂಜಾರಿಯಾಗಿ ಕಂಡಿತು. ಕಾಯಕವೇ ಪೂಜೆಯಾದ ಮೇಲೆ ಕಾಣದ ಕೋಟ್ ಎಂಬುದೇ ಇಲ್ಲ, ನೋಡುವವನು ಒಳಗೇ ಇದ್ದಾನೆ. ಇದಕ್ಕಿಂತ ಎತ್ತರದ ಮಾತು ಕಸುಬಿನ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಇದನ್ನು ನಾವು ಬಳಸುತ್ತಿರುವ ಬಗೆ ಮಾತ್ರ ಅನುಮಾನ ಹುಟ್ಟಿಸುತ್ತದೆ. ಬಡ ಕೆಲಸಗಾರನಿಗೆ ಕಾಯಕನಿಷ್ಠೆ ಬೋಧಿಸಿ, ಬೋಧಿಸಿದವನು ಚದರಡಿಗೆ ಎರಡು ರೂಪಾಯಿ ಇಳಿಸಲು ಅರ್ಧ ದಿನ ಚೌಕಾಸಿ ಮಾಡುವುದು ಸಾಮಾನ್ಯ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತಿದೆ. ಆಕೆಯ ಗಂಡ ಮಾರಯ್ಯ ತಂದದ್ದು ಕದ್ದ ಅಕ್ಕಿಯಲ್ಲ, ಬಸವಣ್ಣನ ಅಂಗಳದಲ್ಲಿ ಚೆಲ್ಲಿದ್ದನ್ನು ಆಯ್ದದ್ದು; ಯಾರ ತಡೆಯೂ ಇರಲಿಲ್ಲ. ಆದರೂ ಆ ದಿನದ ಅಗತ್ಯಕ್ಕಿಂತ ಹೆಚ್ಚಿದೆಯೆಂದು ಆಕೆ ಅದನ್ನು ಹಿಂದಕ್ಕೆ ಕಳಿಸಿದಳು. ಕೊಡುವವನು ಬೇಡವೆನ್ನಲಿಲ್ಲ ಎಂಬುದು ಪಡೆಯುವವನಿಗೆ ಸಮರ್ಥನೆಯಾಗದು ಎಂಬ ಈ ಕಟ್ಟುನಿಟ್ಟು, ಕೊಟ್ಟ ದುಡ್ಡಿಗಿಂತ ಹೆಚ್ಚಿನ ದುಡಿಮೆ ಪಡೆಯುವ ಮನೆಯವನಿಗೂ ಅನ್ವಯಿಸಬೇಕಲ್ಲವೇ?

ಇದನ್ನು ಇನ್ನೂ ಖಚಿತವಾಗಿ ಹೇಳಿದ್ದು ಜೈನರು. ಅವರ ಲೆಕ್ಕದಲ್ಲಿ ಕರ್ಮ ಅಂಟುವುದು ಮಾಡಿದವನಿಗಷ್ಟೇ ಅಲ್ಲ. ಕೃತ, ಕಾರಿತ, ಅನುಮತ, ಅಂದರೆ ಮಾಡಿದ್ದು, ಮಾಡಿಸಿದ್ದು, ಒಪ್ಪಿಕೊಂಡದ್ದು ಮೂರೂ ಕಟ್ಟುತ್ತವೆ. ತತ್ತ್ವಾರ್ಥಸೂತ್ರ ಈ ಮೂರನ್ನು ಮನಸ್ಸು, ಮಾತು, ದೇಹಗಳಿಂದಲೂ, ಕ್ರಿಯೆಯ ಮೂರು ಹಂತಗಳಿಂದಲೂ, ಕೋಪ, ಲೋಭದಂಥ ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಬಗೆಗಳನ್ನು ಎಣಿಸುತ್ತದೆ. ಎಣಿಕೆ ಅತಿಯಾಯಿತು ಎನಿಸಬಹುದು. ಪೇಂಟಿಂಗ್ ಗುತ್ತಿಗೆಗೆ ಅದು ಸರಿಯಾಗಿ ಕೂರುತ್ತದೆ. ಮೂವರು ದರ ಹೇಳುತ್ತಾರೆ. ಇಬ್ಬರು ಮಟೀರಿಯಲ್ ಸಮೇತ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಂದು ಬಿಡಿಸಿ ಹೇಳಿದರೆ ಮೂರನೆಯವನು ಎಲ್ಲ ಸೇರಿ ಇಷ್ಟು ಎಂದು ಬಹಳ ಕೆಳಗಿನ ಮೊತ್ತ ಹೇಳುತ್ತಾನೆ. ಆ ಮೊತ್ತದಲ್ಲಿ ಒಂದು ಕೋಟ್ ಇರಲು ಸಾಧ್ಯವಿಲ್ಲವೆಂದು ಮನೆಯವನಿಗೆ ಅಂದಾಜಿದೆ. ಯಾವುದನ್ನು ಬಿಡುತ್ತೀಯಪ್ಪ ಎಂದು ಆತ ಕೇಳುವುದಿಲ್ಲ, ಕೇಳಿದರೆ ದರ ಏರುತ್ತದೆ. ಆ ಮೌನವೇ ಅನುಮತ. ಡಬ್ಬದೊಳಗೆ ಕಂಪನಿ ಪೇಂಟರ್‌ಗೆಂದು ಇಡುವ ಕೂಪನ್ ಬಗ್ಗೆ ಸಿಡಿಮಿಡಿಗೊಳ್ಳುವ ಮನೆಯವರು ತಮ್ಮ ಈ ಮೌನದ ಬಗ್ಗೆ ಮುಜುಗರಪಟ್ಟದ್ದು ಕಡಿಮೆ.

ದರ ಒಪ್ಪಿದವನು ಪೇಂಟರೇ, ಒಪ್ಪಿದ ಮೇಲೆ ಪೂರ್ತಿ ಮಾಡಬೇಕಾದ್ದು ಅವನ ಧರ್ಮ ಎಂಬ ಆಕ್ಷೇಪ ಗಟ್ಟಿಯಾದದ್ದೇ. ಒಪ್ಪಿಕೊಂಡು ಕದ್ದವನು ಕಳ್ಳನೇ, ಅವನ ಪಾಲನ್ನು ನಾನು ಕಡಿಮೆ ಮಾಡುತ್ತಿಲ್ಲ. ಪಾಪ ಎನ್ನುವುದು ಹಂಚಿಕೊಂಡರೆ ಕರಗುವ ಸಾಲವಲ್ಲ. ಮನೆಯವನ ಪಾಲು ಸೇರಿತೆಂದು ಪೇಂಟರ್‌ನ ಪಾಲು ಇಳಿಯುವುದಿಲ್ಲ. ಬಡ ಮನೆಯವನು ಎಲ್ಲಿಂದ ತರಬೇಕು ಎಂಬುದು ಎರಡನೆಯ ಆಕ್ಷೇಪ. ಹಣ ಕಡಿಮೆಯಿದ್ದರೆ ಕೆಲಸ ಕಡಿಮೆ ಮಾಡಿಸಬಹುದು: ಈ ವರ್ಷ ಎರಡು ಕೋಣೆ, ಉಳಿದದ್ದಕ್ಕೆ ಸುಣ್ಣವೋ ಡಿಸ್ಟೆಂಪರೋ. ಬಡತನ ಕಡಿಮೆ ಕೊಳ್ಳುವುದಕ್ಕೆ ಕಾರಣ, ಪೂರ್ತಿ ಪಡೆದು ಅರ್ಧ ಕೊಡುವುದಕ್ಕಲ್ಲ. ಪರವಾನಗಿ ಬಂದರೆ ಓದು ಬಾರದ ಕೈಗಳು ಹೊರಗುಳಿದು ದಲ್ಲಾಳಿಗಳು ಒಳಬರುತ್ತಾರೆ ಎಂಬ ಮೂರನೆಯ ಭಯ ಮಾತ್ರ ನನಗೂ ಇದೆ. ಕೈಕಲಿಕೆಯನ್ನೇ ಪರೀಕ್ಷಿಸಿ ಮಾನ್ಯತೆ ಕೊಡುವ ಕ್ರಮ ಕೇಂದ್ರದ ಕೌಶಲ ಯೋಜನೆಯಲ್ಲಿ ಈಗಾಗಲೇ ಇದೆ. ಬರೆಯುವ ಪರೀಕ್ಷೆಗಿಂತ ಆ ದಾರಿ ನಮಗೆ ಹೊಂದುತ್ತದೆ.

ಗುತ್ತಿಗೆದಾರನಾಗಲು ಹೊರಟವನಿಗೆ ಈ ಲೆಕ್ಕ ಇನ್ನಷ್ಟು ಬಿಗಿ. ನಿನ್ನೆಯವರೆಗೆ ಕೃತದಲ್ಲಿದ್ದವನು ಗುತ್ತಿಗೆ ಹಿಡಿದ ದಿನದಿಂದ ಕಾರಿತಕ್ಕೆ ಬರುತ್ತಾನೆ. ದಿನಗೂಲಿ ಹುಡುಗರನ್ನು ಏಣಿ ಹತ್ತಿಸಿ ಸಂಜೆಯೊಳಗೆ ಹಾಲ್ ಮುಗಿಯಬೇಕೆಂದು ಗದರಿದಾಗ, ಪ್ರೈಮರ್ ಒಣಗುವ ಮುನ್ನವೇ ಬಣ್ಣ ಎಳೆದದ್ದು ಹುಡುಗನ ಕೈ, ಎಳೆಸಿದ್ದು ಇವನ ಮಾತು. ಹಳೆಯ ಕಿಟಕಿ ಉಜ್ಜುವ ಮುಂಚೆ ಒದ್ದೆ ಮಾಡಿಕೊಳ್ಳಲು ನೀರು, ಮೂಗಿಗೆ ಸರಿಯಾದ ಮಾಸ್ಕ್, ನೆಲಕ್ಕೆ ಹಾಸಲು ಪ್ಲಾಸ್ಟಿಕ್ ಹಾಳೆ, ಇವುಗಳ ಖರ್ಚು ದರದೊಳಗೆ ಸೇರಿದೆಯೇ ಎಂದು ಆ ಹುಡುಗ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ದರಪಟ್ಟಿ ಬರೆಯುವ ಗುತ್ತಿಗೆದಾರನೂ ಅದಕ್ಕೆ ಸಹಿ ಹಾಕುವ ಮನೆಯವನೂ ಕೇಳಿಕೊಳ್ಳಬೇಕಾದದ್ದು ಅದು, ಅದೂ ಕೆರೆಯುವ ಕೆಲಸ ಶುರುವಾಗುವ ಮೊದಲು.