ಎಡವುವ ಪತ್ತೇದಾರನೂ ನಮ್ಮ ನಗೆಯೂ

ಬಿದ್ದವನನ್ನು ಕಂಡು ನಗಬಾರದೆಂದು ನಾವು ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಆದರೆ ಬೀಳುವುದನ್ನೇ ಕಸುಬಾಗಿ ಮಾಡಿಕೊಂಡವನೊಬ್ಬನು ಚಿತ್ರಪಟದ ಮೇಲೆ ಕಾಣಿಸಿಕೊಂಡನೆಂದರೆ, ಹೇಳಿಕೊಟ್ಟ ಮಾಸ್ತರರೂ ಕೇಳಿಸಿಕೊಂಡ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತೇವೆ. ಇದು ಬರಿಯ ವಿನೋದವೋ, ಅಥವಾ ನಮ್ಮ ಬೋಧನೆಗೂ ನಡತೆಗೂ ನಡುವೆ ಇರುವ ಬಿರುಕೋ ಎಂಬುದನ್ನು ತುಸು ವಿಚಾರಿಸಬೇಕೆಂದು ನಮಗೆ ತೋರಿದೆ.

ವಿಚಾರಕ್ಕೆ ನಾವು ಆರಿಸಿಕೊಂಡವನು ಇನ್‌ಸ್ಪೆಕ್ಟರ್ ಕ್ಲೂಸೋ. ಪತ್ತೇದಾರನೆಂಬ ಹೆಸರು ಹೊತ್ತು, ಪತ್ತೆ ಮಾಡುವುದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುವ ಈ ಫ್ರೆಂಚ್ ಪೊಲೀಸನನ್ನು ಆಂಗ್ಲ ನಟ ಪೀಟರ್ ಸೆಲ್ಲರ್ಸನು ಮೊದಲು ಅಭಿನಯಿಸಿದ್ದು 1963ರ 'ದಿ ಪಿಂಕ್ ಪ್ಯಾಂಥರ್' ಎಂಬ ಚಿತ್ರದಲ್ಲಿ. ನಿರ್ದೇಶಕನು ಬ್ಲೇಕ್ ಎಡ್ವರ್ಡ್ಸ್.

ಪತ್ತೇದಾರನೆಂದರೆ ಯಾರು? ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಕಥೆಯ ದ್ಯುಪೆನನಿಂದ ಮೊದಲ್ಗೊಂಡು, 1887ರಲ್ಲಿ ಹುಟ್ಟಿದ ಶರ್ಲಾಕ್ ಹೋಮ್ಸನ ತನಕ, ಅಲ್ಲಿಂದ ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ತನಕ, ಈ ವಂಶದವರೆಲ್ಲರೂ ವಾಚಕನಿಗೆ ಒಂದು ಭರವಸೆಯನ್ನು ಕೊಡುತ್ತಾ ಬಂದಿದ್ದಾರೆ. ಲೋಕವು ಎಷ್ಟೇ ಗೋಜಲಾಗಿ ಕಂಡರೂ ಬುದ್ಧಿಯುಳ್ಳವನ ಕಣ್ಣಿಗೆ ಅದು ಓದಬಲ್ಲ ಪುಸ್ತಕ. ಬೂಟಿನ ಕೆಸರೂ ಸಿಗರೇಟಿನ ಬೂದಿಯೂ ಅದರ ಅಕ್ಷರಗಳು ಎಂಬುದೇ ಆ ಭರವಸೆ. ಇದು ಬಹಳ ದೊಡ್ಡ ಮಾತು. ಬಾಲ್ಯದಲ್ಲಿ ಇಂಥ ಪುಸ್ತಕಗಳನ್ನು ಪಾಠಪುಸ್ತಕದೊಳಗೆ ಅಡಗಿಸಿಟ್ಟು ಓದಿದ ನಮಗೆ ಅದರ ಮೋಹ ಗೊತ್ತಿದೆ. ಗೊತ್ತಿರುವುದರಿಂದಲೇ ಅಣಕವು ನಮಗೆ ರುಚಿಸುತ್ತದೆ. ಮೂಲವನ್ನು ಪ್ರೀತಿಸದವನಿಗೆ ಅಣಕವು ಬರಿಯ ಕೋತಿಚೇಷ್ಟೆಯಾಗಿ ತೋರೀತು.

ಕ್ಲೂಸೋವಿಗಿಂತ ಎಷ್ಟೋ ಮೊದಲು, 1924ರಲ್ಲಿಯೇ, ಬಸ್ಟರ್ ಕೀಟನ್ 'ಶರ್ಲಾಕ್ ಜೂನಿಯರ್' ಎಂಬ ಮೂಕಿ ಚಿತ್ರದಲ್ಲಿ ಇದನ್ನು ಸೊಗಸಾಗಿ ತೋರಿಸಿದ್ದನು. ಸಿನೇಮಾ ಮಂದಿರದಲ್ಲಿ ಯಂತ್ರ ತಿರುಗಿಸುವ ಹುಡುಗನೊಬ್ಬ; ಪತ್ತೇದಾರನಾಗುವುದು ಹೇಗೆಂದು ಕಲಿಸುವ ಪುಸ್ತಕವೊಂದು ಅವನ ಕೈಯಲ್ಲಿ. ಪ್ರೀತಿಸಿದ ಹುಡುಗಿಯ ತಂದೆಯ ಗಡಿಯಾರ ಕಳುವಾಗುತ್ತದೆ, ಕಳವು ಇವನ ತಲೆಗೇ ಬರುತ್ತದೆ. ಸಂಶಯ ಬಂದವನ ಬೆನ್ನು ಬಿಡಬೇಡ ಎಂದು ಪುಸ್ತಕ ಹೇಳಿದೆಯಷ್ಟೆ. ಹುಡುಗನು ಆ ಮಾತನ್ನು ಅಕ್ಷರಶಃ ಪಾಲಿಸಿ, ಅವನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಒಂದು ಮೊಳದ ಅಂತರವೂ ಇಲ್ಲದಂತೆ ಕೂಡಿಸಿ ನಡೆಯುತ್ತಾನೆ. ಫಲವೇನೂ ಇಲ್ಲ. ಕೊನೆಗೆ ಅವನು ಯಂತ್ರದ ಬಳಿ ನಿದ್ದೆಹೋಗಿ ಮಹಾ ಪತ್ತೇದಾರನಾದಂತೆ ಕನಸು ಕಾಣುತ್ತಿರುವಾಗ, ಆ ಹುಡುಗಿಯು ಒತ್ತೆಯ ಅಂಗಡಿಗೆ ತಾನೇ ಹೋಗಿ ಗಡಿಯಾರ ಇಟ್ಟವನು ಯಾರೆಂದು ವಿಚಾರಿಸಿ ಕಳವನ್ನು ಬಯಲು ಮಾಡಿದ್ದಾಳೆ. ಗೈಡು ಪುಸ್ತಕಗಳನ್ನು ಕಂಠಪಾಠ ಮಾಡುವ ನಮ್ಮ ವಿದ್ಯಾರ್ಥಿಗಳು ಈ ಚಿತ್ರವನ್ನು ಒಮ್ಮೆ ನೋಡಬೇಕು.

ಅದೇ ಚಿತ್ರದಲ್ಲಿ ರೈಲಿನ ಪಕ್ಕದ ನೀರಿನ ತೊಟ್ಟಿಯಿಂದ ಧುಮುಕಿದ ನೀರು ಕೀಟನನನ್ನು ಹಳಿಯ ಮೇಲೆ ಕೆಡಹುವ ದೃಶ್ಯವೊಂದಿದೆ. ಆ ಬೀಳುವಿಕೆಯಲ್ಲಿ ಅವನ ಕತ್ತಿನ ಎಲುಬು ಮುರಿದಿತ್ತೆಂಬುದು ಎಷ್ಟೋ ವರ್ಷಗಳ ಮೇಲೆ ಎಕ್ಸ್-ರೇ ತೆಗೆಸಿದಾಗ ತಿಳಿದುಬಂತು. ಇದನ್ನು ತಿಳಿದ ಮೇಲೆ ಆ ದೃಶ್ಯಕ್ಕೆ ಮೊದಲಿನಂತೆ ನಗಲು ನಮಗೆ ಆಗಲಿಲ್ಲ. ಚಿತ್ರದಲ್ಲಿ ಒಂದು ಕೂದಲೂ ಬದಲಾಗಿರಲಿಲ್ಲ. ಬದಲಾದದ್ದು ನಮ್ಮ ತಿಳಿವಳಿಕೆ ಮಾತ್ರ. ಹಾಗಾದರೆ ಮೊದಲಿನ ನಗೆಯು ಅಜ್ಞಾನದ ನಗೆಯೇ?

ಹೌದೆಂದು ಹೇಳುವ ದಾರ್ಶನಿಕರಿದ್ದಾರೆ. ಇನ್ನೊಬ್ಬನ ಕುಂದನ್ನು ಕಂಡಾಗ ತನ್ನ ಹೆಚ್ಚಳವು ಥಟ್ಟನೆ ಹೊಳೆದು ಉಬ್ಬುವುದೇ ನಗೆಯೆಂದು ಹದಿನೇಳನೆಯ ಶತಮಾನದ ಹಾಬ್ಸನ ಮತ. ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯ ಮೇಲಿನ ಗ್ರಂಥದಲ್ಲಿ, ನಗಬೇಕಾದರೆ ಹೃದಯವು ಕ್ಷಣಕಾಲ ಜೋಮು ಹಿಡಿಯಬೇಕೆಂದೂ, ಜೀವಂತ ಮನುಷ್ಯನು ಯಂತ್ರದಂತೆ ವರ್ತಿಸಿದಾಗ ಸಮಾಜವು ಅವನಿಗೆ ಕೊಡುವ ದಂಡನೆಯೇ ನಗೆಯೆಂದೂ ವಾದಿಸಿದನು. ನಮ್ಮ ಭರತಮುನಿಯಾದರೋ ನಗೆಯನ್ನು ಸ್ಮಿತದಿಂದ ಅತಿಹಸಿತದ ತನಕ ಆರು ಬಗೆಯಾಗಿ ವಿಂಗಡಿಸಿ, ಎರಡೆರಡರಂತೆ ಉತ್ತಮ, ಮಧ್ಯಮ, ಅಧಮರಿಗೆ ಹಂಚಿಕೊಟ್ಟಿದ್ದಾನೆ. ಆ ಲೆಕ್ಕದಲ್ಲಿ ಕ್ಲೂಸೋವನ್ನು ನೋಡುವಾಗ ನಾವು ಯಾವ ಪಂಕ್ತಿಗೆ ಸೇರುತ್ತೇವೆಂಬುದನ್ನು ಹೇಳದಿರುವುದೇ ಲೇಸು.

1963ರ ಚಿತ್ರದ ಕಥೆಯನ್ನು ನಗೆಯಿಲ್ಲದೆ ಹೇಳಿ ನೋಡೋಣ. ಪ್ರಾಮಾಣಿಕ ಪೊಲೀಸ್ ಅಧಿಕಾರಿಯೊಬ್ಬನು ರತ್ನಚೋರನೊಬ್ಬನನ್ನು ಹಿಡಿಯಲು ವರ್ಷಗಟ್ಟಲೆ ದುಡಿದಿದ್ದಾನೆ. ಅವನ ಹೆಂಡತಿಯೇ ಆ ಚೋರನ ಸಹಚಾರಿಣಿ. ಅವನಿಗೆ ಅದು ತಿಳಿಯದು. ಕೊನೆಗೆ ಕದ್ದ ವಜ್ರವನ್ನು ಅವನ ಜೇಬಿನಲ್ಲಿಯೇ ಸೇರಿಸಿಬಿಡುತ್ತಾರೆ. ನ್ಯಾಯಾಲಯದಲ್ಲಿ ಬೆವರೊರಸಲು ಕರವಸ್ತ್ರ ತೆಗೆದಾಗ ವಜ್ರವು ಎಲ್ಲರೆದುರು ಹೊರಬೀಳುತ್ತದೆ. ನಿರಪರಾಧಿಯು ಸೆರೆಮನೆಗೆ, ಕಳ್ಳನು ಬಯಲಿಗೆ. ಹೀಗೆ ಹೇಳಿದರೆ ಇದು ದುರಂತ ನಾಟಕದ ವಸ್ತು. ನಾವು ಮಾತ್ರ ಇದಕ್ಕೆ ನಕ್ಕು ನಕ್ಕು ಕಣ್ಣೊರಸಿಕೊಂಡು ಮನೆಗೆ ಬಂದೆವು.

ಆದರೂ ಹಾಬ್ಸನ ಮಾತು ಪೂರ್ತಿಯಾಗಿ ಸರಿಯೆಂದು ನಮಗೆ ತೋರುವುದಿಲ್ಲ. ಕಾರಣ ಇಷ್ಟೆ: ಆ ಚಿತ್ರವನ್ನು ಮಾಡಿದವರು ಕಥಾನಾಯಕನನ್ನಾಗಿ ಎಣಿಸಿದ್ದು ಚೋರನನ್ನು. ಡೇವಿಡ್ ನಿವೆನ್ ಎಂಬ ಸುಂದರ ನಟನಿಗೆ ಆ ಪಾತ್ರ. ಕ್ಲೂಸೋವಿನ ಪಾತ್ರವು ಮೊದಲು ಪೀಟರ್ ಉಸ್ತಿನೋವನಿಗೆ ಮೀಸಲಾಗಿದ್ದು, ಅವನು ಹಿಂದೆ ಸರಿದುದರಿಂದ ಸೆಲ್ಲರ್ಸನ ಪಾಲಿಗೆ ಬಂತು. ಪ್ರೇಕ್ಷಕರೋ ಜಾಣ ಚೋರನನ್ನು ಬದಿಗಿಟ್ಟು ಬಿದ್ದವನನ್ನೇ ಎತ್ತಿಕೊಂಡರು. ಮರುವರ್ಷವೇ ಬಂದ 'ಎ ಶಾಟ್ ಇನ್ ದಿ ಡಾರ್ಕ್' ಚಿತ್ರದಲ್ಲಿ ಕ್ಲೂಸೋವೇ ನಾಯಕ. ತಮಗಿಂತ ಕೀಳೆಂದು ಉಬ್ಬಿ ನಕ್ಕವರು ಮತ್ತೆ ಮತ್ತೆ ಅವನನ್ನೇ ಕಾಣಬೇಕೆಂದು ಹಂಬಲಿಸುತ್ತಿದ್ದರೇ?

ಹಂಬಲದ ಮೂಲವು ಸೆಲ್ಲರ್ಸನ ಅಭಿನಯದಲ್ಲಿಯೇ ಇದೆ. ಮೊದಲ ಚಿತ್ರದ ಆರಂಭದಲ್ಲಿ ಕ್ಲೂಸೋ ಗಂಭೀರವಾಗಿ ಭೂಗೋಲವನ್ನು ತಿರುಗಿಸಿ, ತಿರುಗುತ್ತಿರುವ ಅದರ ಮೇಲೆಯೇ ಕೈಯೂರಿ ಬೀಳುತ್ತಾನೆ. ಎರಡನೆಯದರಲ್ಲಿ ಕಾರಿನಿಂದ ಇಳಿದವನು ನೇರವಾಗಿ ಕಾರಂಜಿಯ ಕೊಳಕ್ಕೆ. ಎದ್ದಮೇಲೆ ಅವನ ಮುಖದಲ್ಲಿ ನಾಚಿಕೆಯಿಲ್ಲ, ಕೋಪವಿಲ್ಲ, ನಮ್ಮ ಕಡೆಗೆ ಕಣ್ಣು ಮಿಟುಕಿಸುವುದಂತೂ ಇಲ್ಲ. ಬೀಳುವುದೂ ತನಿಖೆಯ ಒಂದು ವಿಧಾನವೋ ಎಂಬಂತೆ ಅಂಗಿಯನ್ನು ಸರಿಪಡಿಸಿಕೊಂಡು ಮುಂದಿನ ಪ್ರಶ್ನೆಯನ್ನು ಕೇಳುತ್ತಾನೆ. ನಮ್ಮ ಯಕ್ಷಗಾನದ ಹಾಸ್ಯಗಾರನು ದೂತನಾಗಿ ಬಂದು ತಪ್ಪು ಮಾತಾಡುವಾಗ, ಅದು ತಪ್ಪೆಂದು ಅವನಿಗೂ ಗೊತ್ತು, ನಮಗೂ ಗೊತ್ತು. ಅದು ಇಬ್ಬರೂ ಕೂಡಿ ಆಡುವ ಆಟ. ಕ್ಲೂಸೋವಿಗೆ ಏನೂ ಗೊತ್ತಿಲ್ಲ. ಮಾನವನ್ನು ಅವನಿಂದ ಕಸಿದುಕೊಳ್ಳಲು ಇಡೀ ಲೋಕವೇ ನಿಂತಿದೆ. ಕುರ್ಚಿ, ಬಾಗಿಲು, ಬಿಲಿಯರ್ಡ್ಸ್ ಕೋಲು, ಎಲ್ಲವೂ ನಿಂತಿವೆ. ಅವನು ಮಾತ್ರ ಬಿಟ್ಟುಕೊಡುವುದಿಲ್ಲ. ಬರ್ಗ್‌ಸನ್ ಹೇಳುವ ದಂಡನೆಯನ್ನು ಕೊಟ್ಟವರು ನಾವು, ತೆಗೆದುಕೊಳ್ಳಲು ಅಲ್ಲಿ ಯಾರೂ ಇಲ್ಲ.

ಕಾನೂನಿನ ವಿಷಯದಲ್ಲಿಯೂ ಇವನದು ಒಂದು ವಿಚಿತ್ರ. ವೇಷ ಮರೆಸಿಕೊಂಡು ಬಲೂನು ಮಾರುವವನಾಗಿ, ಚಿತ್ರಕಾರನಾಗಿ, ಬೇಟೆಗಾರನಾಗಿ ನಿಂತಾಗಲೆಲ್ಲ, ಪರವಾನಗಿ ಇಲ್ಲವೆಂದು ಪೊಲೀಸರೇ ಇವನನ್ನು ಹಿಡಿದುಕೊಂಡು ಹೋಗುತ್ತಾರೆ. 1975ರ 'ದಿ ರಿಟರ್ನ್ ಆಫ್ ದಿ ಪಿಂಕ್ ಪ್ಯಾಂಥರ್' ಚಿತ್ರದಲ್ಲಿ ಇವನೇ ಬೀದಿಯ ವಾದ್ಯಗಾರನನ್ನು ನಿಲ್ಲಿಸಿ ಪರವಾನಗಿ ಎಲ್ಲಿ ಎಂದು ಜಗಳವಾಡುತ್ತಿರುವಾಗ ಬೆನ್ನ ಹಿಂದೆ ಬ್ಯಾಂಕಿನ ದರೋಡೆ ಸಾಂಗವಾಗಿ ನಡೆಯುತ್ತದೆ. ಸರಕಾರಿ ಕಚೇರಿಗಳ ಕಾಗದಪತ್ರಗಳೊಡನೆ ಏಗಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಆದರೂ ನಮ್ಮನ್ನು ಕಾಡುವವನು ಕ್ಲೂಸೋ ಅಲ್ಲ, ಅವನ ಮೇಲಧಿಕಾರಿ ಡ್ರೇಫಸ್. ಹರ್ಬರ್ಟ್ ಲೋಮ್ ಎಂಬ ನಟನು ಎರಡನೆಯ ಚಿತ್ರದಿಂದ ಈ ಪಾತ್ರವನ್ನು ವಹಿಸಿದನು. ಡ್ರೇಫಸ್ ಬುದ್ಧಿವಂತ, ಅನುಭವಿ, ಶಿಸ್ತಿನವ. ಮರಿಯಾ ಎಂಬ ಮನೆಗೆಲಸದ ಹೆಂಗಸೇ ಕೊಲೆ ಮಾಡಿದವಳೆಂದು ಸಾಕ್ಷ್ಯಗಳೆಲ್ಲ ಕೂಗಿ ಹೇಳುತ್ತಿವೆ; ಅವನೂ ಅದನ್ನೇ ಹೇಳುತ್ತಾನೆ. ಅವಳು ಮಾಡಿಲ್ಲವೆಂದು ಕ್ಲೂಸೋ ಹಟ ಹಿಡಿಯುತ್ತಾನೆ. ಕಾರಣವು ತರ್ಕವಲ್ಲ, ಅವಳ ಮೇಲಿನ ಮೋಹ. ಕೊನೆಗೆ ನಿಜವಾಗುವುದು ಮೂಢನ ಮಾತೇ. ಜಾಣನಿಗೆ ಇದನ್ನು ಸಹಿಸಲಾಗುವುದಿಲ್ಲ. ಅವನ ಕಣ್ಣು ಅದುರತೊಡಗುತ್ತದೆ, ಕೈ ನಡುಗುತ್ತದೆ, ಕ್ಲೂಸೋವನ್ನು ಕೊಲ್ಲಲು ಹೊಂಚುತ್ತಾನೆ, ಗುರಿ ತಪ್ಪಿ ಬೇರೆಯವರು ಸಾಯುತ್ತಾರೆ. ಅವನು ಕ್ಲೂಸೋವಿನ ಕಾರಿನಲ್ಲಿಟ್ಟ ಬಾಂಬು ತಪ್ಪಿಸಿಕೊಂಡು ಓಡುತ್ತಿದ್ದ ಅಪರಾಧಿಗಳನ್ನೆಲ್ಲ ಒಟ್ಟಿಗೆ ಸುಟ್ಟುಬಿಡುತ್ತದೆ. ಜಾಣನಿಗೆ ಹುಚ್ಚು ಹಿಡಿಯುತ್ತದೆ.

ನಕ್ಕು ಬಂದ ರಾತ್ರಿ ನಮಗೆ ಒಂದು ಹಳೆಯ ಪ್ರಸಂಗ ನೆನಪಾಯಿತು. ನಮ್ಮ ತರಗತಿಗೆ ಶಾಲಾ ತನಿಖೆಗೆ ಇನ್‌ಸ್ಪೆಕ್ಟರರು ಬಂದಿದ್ದರು. (ಈ ಇನ್‌ಸ್ಪೆಕ್ಟರರು ಎಲ್ಲಿಯೂ ಎಡವಲಿಲ್ಲ.) ಮೂರನೆಯ ಬೆಂಚಿನ ಹುಡುಗನೊಬ್ಬನಿಗೆ ಯಾವ ಪ್ರಶ್ನೆ ಬಂದರೂ ಮೊದಲು ಕೈ ಎತ್ತುವ ಚಾಳಿ, ಉತ್ತರವು ಸಾಮಾನ್ಯವಾಗಿ ತಪ್ಪು. ಅಂದು ಕೈ ಎತ್ತಿದ ರಭಸಕ್ಕೆ ಮುಗ್ಗರಿಸಿ ಮುಂದಿನವನ ಮಸಿಕುಡಿಕೆಯನ್ನೂ ಚೆಲ್ಲಿ, ಎದ್ದು ನಿಂತು, ಏನೂ ಆಗದವನಂತೆ ಸ್ಪಷ್ಟವಾದ ದನಿಯಲ್ಲಿ ತಪ್ಪು ಉತ್ತರವನ್ನೇ ಹೇಳಿದನು. ತರಗತಿಯೆಲ್ಲ ನಕ್ಕಿತು. ಇನ್‌ಸ್ಪೆಕ್ಟರರು ನಕ್ಕರು. ನಾವೂ ನಕ್ಕೆವು, ನಕ್ಕದ್ದು ಸಾಲದೆಂದು, ಇವನು ಹೀಗೆಯೇ ಎಂದು ತನಿಖೆಗೆ ಬಂದವರಿಗೆ ವಿವರಿಸಿದೆವು.

ಹುಡುಗರ ನಗೆಯನ್ನು ಅವನು ತಡೆದುಕೊಂಡಿದ್ದನೆಂದೇ ನಮ್ಮ ನಂಬಿಕೆ. ಅದು ಅವನಿಗೆ ಹೊಸದಲ್ಲ. ಬಿದ್ದು ಎದ್ದು ಅಂಗಿ ಸರಿಪಡಿಸಿಕೊಳ್ಳುವ ಕಲೆ ಅವನಲ್ಲಿಯೂ ಇತ್ತು. ನಮ್ಮ ವಿವರಣೆಯಲ್ಲಿ ನಗೆಗಿಂತ ಬೇರೆಯಾದ ಏನೋ ಇತ್ತು. ವರ್ಷವೆಲ್ಲ ನಾವು ಕಲಿಸಿದ ಕ್ರಮವನ್ನು ಲೆಕ್ಕಿಸದೆ ಅವನು ಅಷ್ಟು ಧೈರ್ಯದಿಂದ ಕೈ ಎತ್ತುತ್ತಿದ್ದುದು ನಮ್ಮ ಕಣ್ಣನ್ನು ಅದುರಿಸುತ್ತಿತ್ತೋ ಏನೋ. ಪರದೆಯ ಮೇಲಿನ ಡ್ರೇಫಸ್ ಎಷ್ಟು ಬಾಂಬು ಇಟ್ಟರೂ ಮರುದೃಶ್ಯದಲ್ಲಿ ಕ್ಲೂಸೋ ನಡೆದು ಬರುತ್ತಾನೆ, ಆದ್ದರಿಂದ ಅಲ್ಲಿ ನಮ್ಮ ನಗೆಗೆ ಅಪರಾಧವಿಲ್ಲ.

ಆ ಹುಡುಗನು ಮರುದಿನ ಕೈ ಎತ್ತಲಿಲ್ಲ. ಸುಲಭವಾದ ಪ್ರಶ್ನೆಗಳನ್ನು ಹುಡುಕಿ ಹುಡುಕಿ ಅವನ ಕಡೆಗೆ ನೋಡುತ್ತಾ ಕೇಳಿದೆವು. ಪರೀಕ್ಷೆಯು ಬಂದು ಶಾಲೆ ಮುಚ್ಚುವ ತನಕವೂ ಕೇಳಿದೆವು.