ಗಾಜಿಗೆ ಅಂಟಿದ ಹುಳು ಯಾರ ಪಾಪ?

ಮೊದಲ ಮಳೆ ಬಿದ್ದ ಸಂಜೆ ಪೊಳ್ಳಾಚಿಯಿಂದ ಉಡುಮಲೈಪೇಟೆಗೆ ಹೊರಟ ಕಾರಿನ ಮುಂದಿನ ಗಾಜಿಗೆ ರೆಕ್ಕೆ ಬಂದ ಗೆದ್ದಲುಗಳು ಬಡಿದು ಅಂಟುತ್ತವೆ. ಒಣಗಾಜಿನ ಮೇಲೆ ವೈಪರ್ ಆಡಿಸಿದರೆ ಮಸುಕು ಇನ್ನಷ್ಟು ಹರಡುತ್ತದೆ. ಬಾನೆಟ್ ಎತ್ತಿ, ವೈಪರ್ ಚಿತ್ರವಿರುವ ಮುಚ್ಚಳ ತೆಗೆದು ವಾಷರ್ ದ್ರವ ತುಂಬಬೇಕು. ಗಡಸು ಬೋರ್‌ವೆಲ್ ನೀರಾದರೆ ಉಪ್ಪು ಕಟ್ಟಿ ನಳಿಕೆ ಮುಚ್ಚೀತು.

ಈ ಹುಳುಗಳ ಸಾವು ಯಾರ ಲೆಕ್ಕಕ್ಕೆ?

ಬೌದ್ಧರು ಕರ್ಮವನ್ನು ಸಂಕಲ್ಪದಲ್ಲಿ ಹುಡುಕುತ್ತಾರೆ. ಅಲ್ಲಿ ಚಾಲಕ ಪಾರು. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ಎಚ್ಚರಗೇಡಿತನದೊಂದಿಗೆ ಜೋಡಿಸುತ್ತದೆ. ಜೈನ ಮುನಿಗಳು ವಾಹನವೇರದೆ, ನೆಲ ನೋಡುತ್ತ ನಡೆದೇ ಹೋಗುತ್ತಾರೆ. ಗೃಹಸ್ಥರಿಗೆ ಅಣುವ್ರತದ, ಅಂದರೆ ಕಿರಿಯ ವ್ರತದ, ಸಡಿಲಿಕೆಯಿದೆ.

ಆದರೆ ವಾಷರ್ ಟ್ಯಾಂಕು ಖಾಲಿಯೆಂದು ತಿಳಿದೂ ಹೊರಟವನಿಗೆ ಮಸುಕಿನಾಚೆಯ ಸೈಕಲ್ ಸವಾರ ಕಾಣದೆ ಹೋದರೆ, ಉಮಾಸ್ವಾತಿಯ ಲೆಕ್ಕದಲ್ಲಿ ಆ ಸಡಿಲಿಕೆಯೂ ಅವನ ನೆರವಿಗೆ ಬಾರದು.