ಹೆಸರಾಗುವ ಮೊದಲು

ನಮ್ಮ ಸೊಸೈಟಿಯ ಕಾವಲುಗಾರ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. 2022ರ ಬೇಸಿಗೆಯ ಒಂದು ಸಂಜೆ ಅವನ ಮಗ ಮೆಟ್ಟಿಲ ಬಳಿ ನನ್ನನ್ನು ತಡೆದು, "ಕಾಕಾ, ಒಂದ್ ಹಾಡ್ ಬರದೀನ್ರಿ. ಎರಡ ನಿಮಿಷ ಕೇಳ್ತೀರೇನ್ರಿ?" ಎಂದ. ಹದಿನೇಳು ವರ್ಷದ ಹುಡುಗ. ಅವನ ಹಾಡು ಈ ಕಾಲದವರು ರ‍್ಯಾಪ್ ಎನ್ನುವ ಬಗೆಯದು. ಹಾಡುವುದಕ್ಕಿಂತ ತಾಳಕ್ಕೆ ಸರಿಯಾಗಿ ಮಾತನಾಡುವುದೇ ಹೆಚ್ಚು. ಕನ್ನಡ, ಹಿಂದಿ, ಮರಾಠಿ ಮೂರನ್ನೂ ಕಲಸಿದ ಅದರ ಸದ್ದು ಗಚ್ಚಿಯ ಮೇಲಿಂದ ಆಗಾಗ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಕೈಯಲ್ಲಿದ್ದ ತರಕಾರಿ ಚೀಲವನ್ನು ತೋರಿಸಿ, "ಮೊದಲು ಹನ್ನೆರಡನೆಯದು ಪಾಸಾಗು, ಆಮೇಲೆ ಕೇಳೋಣ" ಎಂದು ಮೇಲೆ ಹತ್ತಿದೆ.

2023ರ ಫೆಬ್ರವರಿ 12, ಭಾನುವಾರ. ಆ ರಾತ್ರಿ ಇದೇ ಪುಣೆಯ ಒಬ್ಬ ರ‍್ಯಾಪ್ ಗಾಯಕ ದೂರದರ್ಶನದ 'ಬಿಗ್ ಬಾಸ್' ಹಿಂದಿ ಕಾರ್ಯಕ್ರಮದ 16ನೆಯ ಆವೃತ್ತಿಯಲ್ಲಿ ಗೆದ್ದ. ಮರುದಿನ ಕಚೇರಿಯಲ್ಲಿ ಚಹದ ವೇಳೆಗೆ "ನಮ್ಮ ಪುಣೆಯ ಹುಡುಗ, ಎಷ್ಟು ಕಷ್ಟಪಟ್ಟು ಮೇಲೆ ಬಂದ ನೋಡಿ!" ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನು. ಹೇಳಿದ ಮೇಲೆ ಮೆಟ್ಟಿಲ ಮೇಲಿನ ಆ ಸಂಜೆ ನೆನಪಾಯಿತು. ಚಹ ರುಚಿಸಲಿಲ್ಲ.

ಆ ಗಾಯಕ ಇಟ್ಟುಕೊಂಡ ಹೆಸರು ಎಂ.ಸಿ. ಸ್ಟ್ಯಾನ್, ಮನೆಯಲ್ಲಿ ಇಟ್ಟದ್ದು ಅಲ್ತಾಫ್. ಹುಟ್ಟಿದ್ದು 1999ರಲ್ಲಿ. ಬೆಳೆದದ್ದು ಪುಣೆ ರೈಲು ನಿಲ್ದಾಣದ ಬೆನ್ನಿಗಿರುವ ತಾಡಿವಾಲಾ ರಸ್ತೆಯ ಬಸ್ತಿಯಲ್ಲಿ. ಊರಿಗೆ ಹೋಗುವಾಗಲೆಲ್ಲ ನಾವು ಅದರ ಪಕ್ಕದಿಂದಲೇ ರೈಲು ಹತ್ತುತ್ತೇವೆ. ಒಳಗೆ ಕಾಲಿಟ್ಟವರು ನಮ್ಮಲ್ಲಿ ಎಷ್ಟು ಜನ? ಆತ 2020ರಲ್ಲಿ ಹೊರತಂದ ಹಾಡುಗಳ ಸಂಗ್ರಹದ ಹೆಸರು 'ತಡೀಪಾರ್', ಅಂದರೆ ನಮ್ಮ ಗಡೀಪಾರು. ಪೊಲೀಸರ ಕಡತದ ಮಾತನ್ನೇ ತಲೆಬರಹ ಮಾಡಿಕೊಂಡವನಿಗೆ ಮಾತಿನ ಕಿವಿ ಇದೆಯೆಂದು ಒಪ್ಪಲೇಬೇಕು. ಆ ಹಾಡುಗಳಲ್ಲಿನ ಬೈಗುಳ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಎಲ್ಲರೆದುರು ಕೇಳುವಂಥವಲ್ಲ. ಅದು ಬೇರೆ ವಿಚಾರ. ಈತ ಗೆಲ್ಲುವವರೆಗೆ ಬಸ್ತಿ ನಮಗೆ ಮೂಗು ಮುಚ್ಚಿಕೊಳ್ಳುವ ಜಾಗವಾಗಿತ್ತು, ಗೆದ್ದ ಮರುದಿನ ಅದು 'ಹೋರಾಟದ ನೆಲ' ಆಯಿತು. ನಡುವೆ ಬಸ್ತಿಯಲ್ಲಿ ಏನೂ ಬದಲಾಗಿರಲಿಲ್ಲ. ಹಾಗಾದರೆ ಕಷ್ಟಕ್ಕೆ ಬೆಲೆ ಬರುವುದು ಗೆದ್ದ ಮೇಲೆ ಮಾತ್ರವೆ?

ಈ ಪ್ರಶ್ನೆಗೆ ಕನ್ನಡಿಗರ ಮನೆಯೊಳಗೇ ಒಂದು ಉದಾಹರಣೆಯಿದೆ. ಪುಣೆಯ ನಾವೆಲ್ಲ ಭೀಮಸೇನ ಜೋಶಿಯವರ ಹೆಸರು ಹೇಳಿ ಎದೆಯುಬ್ಬಿಸುವವರು. ಗದಗಿನ ಶಿಕ್ಷಕ ಗುರುರಾಜ ಜೋಶಿಯವರ ಮಗ. 1922ರಲ್ಲಿ ಹುಟ್ಟಿ, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದರು. ಗ್ವಾಲಿಯರ್, ಜಾಲಂಧರ್ ಎಂದು ಉತ್ತರದ ಊರುಗಳನ್ನು ಅಲೆದರು. ಕೈಯಲ್ಲಿ ಕಾಸಿಲ್ಲದೆ ರೈಲಿನಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ. ಹಾಡು ಕೇಳಿದ ಪ್ರಯಾಣಿಕರು ಕೊಟ್ಟದ್ದೇ ಊಟ. (ಟಿಕೆಟ್ಟಿಲ್ಲದ ಪ್ರಯಾಣ ಅಪರಾಧವೆಂಬುದನ್ನು ಕೇಂದ್ರ ಸರ್ಕಾರದ ನೌಕರನಾಗಿ ನಾನು ಮರೆತಿಲ್ಲ, ಓದುಗರು ಈ ಒಂದು ಪ್ರಕರಣವನ್ನು ಮನ್ನಿಸಬೇಕು.)

ಈ ಕಥೆಯನ್ನು ಹೇಳುವಾಗ ನಾವೆಲ್ಲ ಹುಡುಗನನ್ನು ಮೆಚ್ಚುತ್ತೇವೆ. ನನಗೆ ಈಗೀಗ ಆ ಪ್ರಯಾಣಿಕರದೇ ಯೋಚನೆ. ಅವರು ರೊಟ್ಟಿ ಕೊಟ್ಟದ್ದು 'ಭಾರತ ರತ್ನ'ಕ್ಕಲ್ಲ. ಆ ಪ್ರಶಸ್ತಿ ಬಂದದ್ದು 2008ರಲ್ಲಿ, ಎಪ್ಪತ್ತೈದು ವರ್ಷಗಳ ಆಚೆ. ಅವರ ಮುಂದೆ ಇದ್ದದ್ದು ಹೊಟ್ಟೆ ಹಸಿದ, ಊರು ಕೇರಿ ಗೊತ್ತಿಲ್ಲದ, ಬಹುಶಃ ಸ್ನಾನವನ್ನೂ ಮಾಡದ ಒಬ್ಬ ಹುಡುಗ. ಅವನು ಮುಂದೆ ಏನಾಗುತ್ತಾನೆಂದು ಅವರು ಲೆಕ್ಕ ಹಾಕಿರಲಾರರು. ಹಾಡಿದ, ಕೇಳಿದರು; ಹಸಿದಿದ್ದ, ಕೊಟ್ಟರು. ಆ ಹುಡುಗ ಮುಂದೆ ಗದಗಿನಲ್ಲಿ ಗುಮಾಸ್ತನಾಗಿ ನಿವೃತ್ತನಾಗಿದ್ದರೂ ಅವರು ಮಾಡಿದ್ದು ಸರಿಯೇ ಆಗಿರುತ್ತಿತ್ತು.

ಇಲ್ಲಿ ಕೆಲವರು ಎದುರು ವಾದ ಹೂಡುತ್ತಾರೆ. ಚಿನ್ನ ಬೆಂಕಿಯಲ್ಲಿ ಬೆಂದರೇ ಹೊಳಪು, ಆದ್ದರಿಂದ ಕಲಾವಿದನಿಗೆ ಕಷ್ಟ ಇರಲಿ, ನಾವು ಬಾಗಿಲು ಹಾಕಿಕೊಂಡರೆ ಅದೂ ಅವನಿಗೆ ಉಪಕಾರವೇ ಎಂದು. ಇದು ಬೆಂಕಿಯಿಂದ ದೂರ ನಿಂತವರ ವಾದ. ಬಿ.ಎಸ್ಸಿ.ಯಲ್ಲಿ ನಾವು ಪ್ರಯೋಗಶಾಲೆಯ ಜರ್ನಲ್ ಬರೆಯುತ್ತಿದ್ದೆವು. ಹೊಂದದ ರೀಡಿಂಗ್‌ಗಳನ್ನು ಬಿಟ್ಟು, ಸೂತ್ರಕ್ಕೆ ಸರಿಬಂದವುಗಳನ್ನಷ್ಟೇ ಅಂದವಾಗಿ ಏರಿಸುವ ವಿದ್ಯೆ ಎಲ್ಲರಿಗೂ ಗೊತ್ತಿತ್ತು. ಕಷ್ಟದಿಂದ ಕಲೆ ಹುಟ್ಟುತ್ತದೆ ಎಂಬ ಸಿದ್ಧಾಂತವೂ ಅಂಥದೇ ಜರ್ನಲ್ಲಿನಿಂದ ಬಂದದ್ದು. ಅದೇ ರೈಲುಗಳಲ್ಲಿ ಹಾಡಿ, ಗುರು ಸಿಗದೆ, ಜ್ವರ ಬಂದು ಹಿಂದಿರುಗಿದ ಹುಡುಗರ ರೀಡಿಂಗ್ ಎಲ್ಲಿ ಬರೆದಿದೆ?

ಹೆಸರು ಬರುವುದಕ್ಕೂ ಯೋಗ್ಯತೆಗೂ ಕಾಲದ ಲೆಕ್ಕ ಹೊಂದುವುದೇ ಇಲ್ಲ. ಈ ರ‍್ಯಾಪ್ ಹುಟ್ಟಿದ ಹಿಪ್‌ಹಾಪ್ ಕಲೆಯ ಜನ್ಮದಿನವೆಂದು ಹೇಳುವುದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ವಸತಿ ಕಟ್ಟಡದಲ್ಲಿ, ಶಾಲೆ ಆರಂಭಕ್ಕೆ ಬಟ್ಟೆ ಕೊಳ್ಳಲು ತಂಗಿಗೆ ಹಣ ಬೇಕೆಂದು ನಡೆದ ಕೂಟ. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50. ಅಂದು ಧ್ವನಿಮುದ್ರಿಕೆಗಳನ್ನು ಹೊಸ ರೀತಿಯಲ್ಲಿ ನುಡಿಸಿದ ಕೂಲ್ ಹರ್ಕ್ ಎಂಬಾತನ ಹೆಸರು ಅಮೆರಿಕದ ರಾಕ್ ಸಂಗೀತದ ಗೌರವ ಭವನಕ್ಕೆ ಸೇರಿದ್ದು 2023ರಲ್ಲಿ. ಐವತ್ತು ವರ್ಷ! ನಡುವೆ ಅವನ ದಾರಿಯಲ್ಲಿ ನಡೆದವರು ಕೋಟ್ಯಧೀಶರಾದರು.

ಹಾಗೆಂದು ಕೇಳಿಸಿದವರನ್ನೆಲ್ಲ ಹೊಗಳಬೇಕೆ? ಖಂಡಿತ ಬೇಡ. ನಮ್ಮ ಸಂಘಗಳಲ್ಲಿ ಈ ದೋಷ ಧಾರಾಳವಾಗಿದೆ. ಶಾಲು, ಹಾರ, ಫಲತಾಂಬೂಲ ಕೊಟ್ಟು ಸುಳ್ಳು ಹೇಳುತ್ತೇವೆ. ಸುಳ್ಳು ಹೊಗಳಿಕೆಯಿಂದ ಒಬ್ಬ ಹುಡುಗನ ಹತ್ತು ವರ್ಷ ಹಾಳಾಗಬಹುದು. ನನ್ನ ಕಚೇರಿಯಲ್ಲಿ ಆವಕ-ಜಾವಕದ ಕೆಲಸವನ್ನು ಕೆಲವು ವರ್ಷ ನಾನೇ ಮಾಡಿದ್ದೇನೆ. ಬಂದ ಅರ್ಜಿಗೆಲ್ಲ ನಂಬರು ಹಾಕಿ, ತಾರೀಖಿನ ಮೊಹರು ಒತ್ತಬೇಕು. ಅರ್ಜಿ ಮಂಜೂರಾಗುತ್ತದೆಂದು ಆ ಮೊಹರಿನ ಅರ್ಥವಲ್ಲ. ಬಂದಿದೆ, ನೋಡಲಾಗುವುದು ಎಂದಷ್ಟೆ. ಮಂಜೂರಾಗಲಾರದು ಎಂದು ಊಹಿಸಿ ಮೊಹರು ಹಾಕದೆ ಇಡುವ ಅಧಿಕಾರ ಗುಮಾಸ್ತನಿಗಿಲ್ಲ. ಮೆಟ್ಟಿಲ ಬಳಿ ನಾನು ಮಾಡಿದ್ದು ಅದನ್ನೇ.

1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು ಭೀಮಸೇನರನ್ನು ಶಿಷ್ಯನಾಗಿ ಸೇರಿಸಿಕೊಂಡಾಗ ಹೊಗಳಲಿಲ್ಲ. ಮೊದಮೊದಲು ಪಾಠಕ್ಕಿಂತ ಮನೆಗೆಲಸವೇ ಹೆಚ್ಚು, ನೀರು ಹೊರಬೇಕಾಗಿತ್ತು. ಆದರೆ ಮನೆಯೊಳಗೆ ಬರಗೊಟ್ಟರು. ಹತ್ತು ವರ್ಷಗಳ ಮೇಲೆ, 1946ರಲ್ಲಿ, ಗುರುವಿನ ಅರವತ್ತರ ಸಮಾರಂಭಕ್ಕೆ ಶಿಷ್ಯ ಹಾಡಿದ್ದು ಇದೇ ಪುಣೆಯಲ್ಲಿ. ಊರು ಅವರನ್ನು ಗುರುತಿಸಿದ್ದು ಅಂದು. ಗುರು 1952ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಶಿಷ್ಯ 1953ರಲ್ಲಿ ಆರಂಭಿಸಿದ ಉತ್ಸವಕ್ಕೆ ನಾವು ಡಿಸೆಂಬರಿನಲ್ಲಿ ಸ್ವೆಟರ್ ಹಾಕಿಕೊಂಡು ಹೋಗುತ್ತೇವೆ, ಪಕ್ಕದವರಿಗೆ "ಜೋಶಿಯವರು ನಮ್ಮ ಗದಗಿನವರು" ಎಂದು ತಿಳಿಸಿ ಬರುತ್ತೇವೆ.

ಕಾವಲುಗಾರನ ಮಗ ಹನ್ನೆರಡನೆಯದು ಪಾಸಾದ. ಈಗ ಮೋಟರ್ ಸೈಕಲ್ಲಿನಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುತ್ತಾನೆ. ಹೋದ ತಿಂಗಳು ನಮ್ಮ ಮನೆಗೇ ಒಂದು ಪೊಟ್ಟಣ ತಂದಾಗ, "ಹಾಡು ಬರೆಯೋದು ಬಿಟ್ಟೆಯೇನೋ?" ಎಂದು ಕೇಳಿದೆ.

"ಟೈಮ್ ಎಲ್ಲೈತ್ರಿ ಕಾಕಾ" ಎಂದು ನಕ್ಕ.

"ಅವತ್ತಿನದು ಇದೆಯೆ? ನಾನು ಕೇಳಿಯೇ ಇಲ್ಲ."

ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಬೂಟು ಬಿಚ್ಚಿ ಒಳಗೆ ಬಂದು ಮೊಬೈಲಿನಲ್ಲಿ ಹಚ್ಚಿದ. ಎರಡು ನಿಮಿಷ ಅಂದಿದ್ದ, ಮೂರೂವರೆ ಇತ್ತು. ಅರ್ಧ ನನಗೆ ತಿಳಿಯಲಿಲ್ಲ. ಇನ್ನರ್ಧ ಯಾರನ್ನೋ ಅನುಕರಿಸಿದ ಕೂಗಾಟ. ನಡುವೆ ಒಂದು ಕಡೆ ಅವನ ತಾಯಿ ನಾಲ್ಕು ಮನೆಗಳ ಪಾತ್ರೆ ತಿಕ್ಕಿ ಬಂದು ತಮ್ಮ ಮನೆಯ ಪಾತ್ರೆಯನ್ನು ನೋಡುವ ಮಾತು, ಕನ್ನಡದಲ್ಲಿ, ಬಂತು. ನಾನು ಅದನ್ನೇ ಹೇಳಿದೆ: ಅದು ಚೆನ್ನಾಗಿದೆ, ಉಳಿದದ್ದು ನನಗೆ ಹಿಡಿಸಲಿಲ್ಲ.

"ಅದನ್ನ ತಗದ ಹಾಕ್ಬೇಕಂತ ಮಾಡಿದ್ದೆ ನೋಡ್ರಿ" ಎಂದ ಹುಡುಗ, ಮತ್ತೆ ಅದೇ ಜಾಗಕ್ಕೆ ಹಾಡನ್ನು ಹಿಂದೆ ಸರಿಸಿದ. ಕೆಳಗೆ ಅವನ ಗಾಡಿಯಲ್ಲಿ ಇನ್ನೂ ಪಾರ್ಸೆಲ್ಲುಗಳಿದ್ದವು.